18 ತಂಡ, 23 ಪಂದ್ಯ: ಎಎಫ್‌ಎಲ್ ವೇಳಾಪಟ್ಟಿ ಸಿಕ್ಕುಗಟ್ಟಿದ್ದು ಹೇಗೆ

2025ರ ಆಗಸ್ಟ್ 27, ಬುಧವಾರ. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ (ಎಎಫ್‌ಎಲ್) ಉಳಿದೆಲ್ಲ ಲೀಗ್ ಪಂದ್ಯಗಳು ಹಿಂದಿನ ವಾರಾಂತ್ಯಕ್ಕೇ ಮುಗಿದಿದ್ದವು. ಗೋಲ್ಡ್ ಕೋಸ್ಟ್ ಸನ್ಸ್ ಮತ್ತು ಎಸೆಂಡನ್ ಎರಡೇ ತಂಡಗಳು ಅಂದು ಮೈದಾನಕ್ಕಿಳಿದವು. ಅದು ಮಾರ್ಚ್‌ನಲ್ಲಿ ಆಗಬೇಕಿದ್ದ ಪಂದ್ಯ. ಆಲ್ಫ್ರೆಡ್ ಚಂಡಮಾರುತ ಕ್ವೀನ್ಸ್‌ಲ್ಯಾಂಡ್ ಕರಾವಳಿಯತ್ತ ಬಂದಿದ್ದರಿಂದ ಮುಂದಕ್ಕೆ ಹೋದದ್ದು, ಋತುವಿನ ಬಾಲಕ್ಕೆ ಬಂದು ಅಂಟಿಕೊಂಡಿತ್ತು. ಗೋಲ್ಡ್ ಕೋಸ್ಟ್ ಗೆದ್ದರೆ ಕ್ಲಬ್‌ನ ಇತಿಹಾಸದಲ್ಲೇ ಮೊದಲ ಸಲ ಫೈನಲ್ಸ್‌ಗೆ, ಅಂದರೆ ಮೇಲಿನ ಎಂಟು ತಂಡಗಳ ನಾಕೌಟ್ ಹಂತಕ್ಕೆ, ಪ್ರವೇಶ. ಸೋತರೆ ಆ ಜಾಗ ವೆಸ್ಟರ್ನ್ ಬುಲ್‌ಡಾಗ್ಸ್‌ಗೆ. ಎಸೆಂಡನ್ ಅಷ್ಟು ಹೊತ್ತಿಗೆ ಗಾಯಾಳುಗಳ ದಂಡಾಗಿತ್ತು, ಸಾಲು ಸೋಲುಂಡು ಹೈರಾಣಾಗಿತ್ತು. ಗೋಲ್ಡ್ ಕೋಸ್ಟ್ ಭಾರಿ ಅಂತರದಲ್ಲಿ ಗೆದ್ದಿತು. 23ರಲ್ಲಿ 14 ಪಂದ್ಯ ಗೆದ್ದಿದ್ದ ಬುಲ್‌ಡಾಗ್ಸ್ ಒಂಬತ್ತನೇ ಸ್ಥಾನಕ್ಕೆ ನಿಂತು ಮನೆಗೆ ಹೋಯಿತು.

ಇಲ್ಲಿ ಯಾವ ನಿಯಮವೂ ಮುರಿದಿಲ್ಲ. ಆದರೆ ಮಾರ್ಚ್‌ನ ಎಸೆಂಡನ್ ಬೇರೆ, ಆಗಸ್ಟ್‌ನ ಎಸೆಂಡನ್ ಬೇರೆ. ಚಂಡಮಾರುತವನ್ನು ದೂರಿ ಸುಮ್ಮನಾಗಬಹುದು. ಆದರೆ ಒಂದು ಪಂದ್ಯ ಸರಿದರೆ ಕೂರಿಸಲು ಜಾಗವಿಲ್ಲದಷ್ಟು ಬಿಗಿಯಾದ ಪಟ್ಟಿಯನ್ನು ಗಾಳಿಮಳೆ ಬರೆದಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕ್ರಿಕೆಟ್ ಮೈದಾನದಷ್ಟೇ ದೊಡ್ಡ ಅಂಡಾಕಾರದ ಬಯಲು, ಒಂದೊಂದು ಕಡೆಗೆ 18 ಆಟಗಾರರು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, 1 ಅಂಕ. ಅಂಕಪಟ್ಟಿಯಲ್ಲಿ ಗೆಲುವಿಗೆ 4, ಸಮವಾದರೆ 2. ಅಂಕ ಸಮನಾದಾಗ ‘ಪರ್ಸೆಂಟೇಜ್’ ನೋಡುತ್ತಾರೆ: ಹೊಡೆದ ಒಟ್ಟು ಅಂಕವನ್ನು ಬಿಟ್ಟುಕೊಟ್ಟ ಒಟ್ಟು ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆ. ಕ್ರಿಕೆಟ್‌ನ ನೆಟ್ ರನ್ ರೇಟ್‌ನ ದಾಯಾದಿ ಇದು, ಸ್ವಭಾವ ಮಾತ್ರ ಬೇರೆ. 2000 ಹೊಡೆದು 1600 ಬಿಟ್ಟ ತಂಡದ್ದು 125. ಆ ತಂಡ 60–150ರಿಂದ ಸೋತರೆ 117.7ಕ್ಕೆ ಇಳಿಯುತ್ತದೆ, 150–60ರಿಂದ ಗೆದ್ದರೆ 129.5. ಅಂತರ ಅದೇ 90, ಇಳಿತ ಏಳು ಚಿಲ್ಲರೆ, ಏರಿಕೆ ನಾಲ್ಕೂವರೆ. ಅನುಪಾತದ ಲೆಕ್ಕವಾದ್ದರಿಂದ, ಪರ್ಸೆಂಟೇಜ್ ನೂರು ದಾಟಿದ ತಂಡಕ್ಕೆ ಒಂದು ಅಂಕ ಹೊಡೆಯುವುದಕ್ಕಿಂತ ಒಂದು ಅಂಕ ತಡೆಯುವುದೇ ಹೆಚ್ಚು ಲಾಭ. ದುರ್ಬಲ ತಂಡವನ್ನು ಋತುವಿನಲ್ಲಿ ಎರಡು ಸಲ ಎದುರಿಸುವವರಿಗೆ ಗೆಲುವಿನ ಜೊತೆ ಈ ಲಾಭವೂ ಎರಡು ಸಲ ಸಿಗುತ್ತದೆ. ಜಗಳ ಇರುವುದು ಇಲ್ಲೇ: ಯಾರು ಯಾರ ಮೇಲೆ ಎರಡು ಸಲ ಆಡಬೇಕು?

1897ರಲ್ಲಿ ಎಂಟು ತಂಡಗಳ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಆಗಿ ಶುರುವಾದಾಗ ಈ ಪ್ರಶ್ನೆಯೇ ಇರಲಿಲ್ಲ. 14 ಸುತ್ತು, ಎಲ್ಲರೂ ಎಲ್ಲರ ಮೇಲೆ ಎರಡೆರಡು ಸಲ. ಮಹಾಯುದ್ಧದ ನಡುವೆ, 1916ರಲ್ಲಿ, ಬರೀ ನಾಲ್ಕು ತಂಡಗಳು ಉಳಿದವು. ಪಟ್ಟಿಯಲ್ಲಿ ಕೊನೆಗೆ ನಿಂತ ಫಿಟ್ಜ್‌ರಾಯ್ ಫೈನಲ್ಸ್ ಗೆದ್ದು ಅದೇ ವರ್ಷ ಚಾಂಪಿಯನ್ ಆಯಿತು. ಕೊನೆಯವರೂ ಮೊದಲಿಗರೂ ಒಬ್ಬರೇ ಆದ ಆ ವಿಚಿತ್ರವನ್ನು ಇವತ್ತಿಗೂ ನೆನೆಯುತ್ತಾರೆ. 1925ರಲ್ಲಿ ಫುಟ್‌ಸ್ಕ್ರೇ, ಹಾಥಾರ್ನ್, ನಾರ್ತ್ ಮೆಲ್ಬರ್ನ್ ಸೇರಿ ತಂಡಗಳು 12 ಆದವು, ಸುತ್ತುಗಳು ಮಾತ್ರ ಬಹುಕಾಲ 18ರಲ್ಲೇ ಉಳಿದವು. 11 ಎದುರಾಳಿಗಳಲ್ಲಿ ಏಳರ ಮೇಲೆ ಎರಡು ಸಲ, ನಾಲ್ಕರ ಮೇಲೆ ಒಂದೇ ಸಲ. ಅಸಮತೆಯ ಬೀಜ ಬಿದ್ದದ್ದು ಅಲ್ಲಿ. ಆದರೆ ಜೀಲಾಂಗ್ ಒಂದನ್ನು ಬಿಟ್ಟರೆ ಎಲ್ಲ ಮೈದಾನಗಳೂ ಮೆಲ್ಬರ್ನ್ ನಗರದೊಳಗೇ ಇದ್ದವು. ಶನಿವಾರ ಮಧ್ಯಾಹ್ನ ಎಲ್ಲ ಪಂದ್ಯಗಳೂ ಒಂದೇ ಹೊತ್ತಿಗೆ ಶುರು. ಪ್ರಯಾಣದ ದಣಿವಿಲ್ಲ, ಪಕ್ಕದ ಫಲಿತಾಂಶ ನೋಡಿಕೊಂಡು ಆಡುವ ಅವಕಾಶವೂ ಇಲ್ಲ. ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

ಆ ಕಾಲದ ಒಂದು ಆವಿಷ್ಕಾರ ಮಾತ್ರ ನಮ್ಮ ಮನೆಬಾಗಿಲಿಗೂ ಬಂದಿದೆ. ಲೀಗ್‌ನಲ್ಲಿ ಮೊದಲಿಗರಾದವರು ನಾಕೌಟ್‌ನಲ್ಲಿ ಒಂದೇ ಕೆಟ್ಟ ದಿನಕ್ಕೆ ಹೊರಬೀಳಬಾರದೆಂದು 1931ರಲ್ಲಿ ಪೇಜ್–ಮೆಕಿಂಟೈರ್ ಪದ್ಧತಿ ತಂದರು: 1ನೇ ಮತ್ತು 2ನೇ ತಂಡಗಳ ಪಂದ್ಯದಲ್ಲಿ ಗೆದ್ದವರು ನೇರ ಫೈನಲ್‌ಗೆ, ಸೋತವರಿಗೆ 3–4ರ ವಿಜೇತರ ಮೇಲೆ ಇನ್ನೊಂದು ಅವಕಾಶ. 2011ರಿಂದ ಐಪಿಎಲ್ ಪ್ಲೇಆಫ್ ನಡೆಯುತ್ತಿರುವುದು ಇದೇ ಅಚ್ಚಿನಲ್ಲಿ. ಆ ವರ್ಷ ಪಟ್ಟಿಯ ತುದಿಯಲ್ಲಿದ್ದ ಆರ್‌ಸಿಬಿ ಮೊದಲ ಕ್ವಾಲಿಫೈಯರ್ ಸೋತರೂ ಎರಡನೆಯದನ್ನು ಗೆದ್ದು ಫೈನಲ್ ತಲುಪಿದ್ದು ಈ ‘ಡಬಲ್ ಚಾನ್ಸ್’ನ ಪುಣ್ಯ. (ಫೈನಲ್‌ನಲ್ಲಿ ಏನಾಯಿತೆಂದು ಹೇಳಬೇಕಿಲ್ಲ.)

1970ರಲ್ಲಿ ಸುತ್ತುಗಳು 22ಕ್ಕೆ ಏರಿದಾಗ ಲೆಕ್ಕ ತಾನಾಗಿ ಕೂತಿತು. 12 ತಂಡ, 11 ಎದುರಾಳಿ, ಎರಡೆರಡು ಪಂದ್ಯ, ಒಂದು ತವರಲ್ಲಿ, ಒಂದು ಹೊರಗೆ. 1986ರವರೆಗೆ, 17 ಋತುಗಳ ಕಾಲ, ಪಟ್ಟಿಯನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ.

ಅಲ್ಲಿಂದ ಮುಂದೆ ಲೀಗ್ ಕೂಡುವುದನ್ನಷ್ಟೇ ಮಾಡಿದೆ, ಕಳೆಯುವುದನ್ನಲ್ಲ. ಸೌತ್ ಮೆಲ್ಬರ್ನ್ 1982ರಲ್ಲೇ ಸಿಡ್ನಿಗೆ ಗುಳೆ ಹೋಗಿತ್ತು. 1987ರಲ್ಲಿ ಪರ್ತ್‌ನ ವೆಸ್ಟ್ ಕೋಸ್ಟ್ ಮತ್ತು ಬ್ರಿಸ್ಬೇನ್ ಬೇರ್ಸ್ ಬಂದವು, 1990ರಲ್ಲಿ ಹೆಸರು ಎಎಫ್‌ಎಲ್ ಆಯಿತು, 1991ರಲ್ಲಿ ಅಡಿಲೇಡ್, 1995ರಲ್ಲಿ ಫ್ರೀಮ್ಯಾಂಟಲ್, ಫಿಟ್ಜ್‌ರಾಯ್ ಬ್ರಿಸ್ಬೇನ್‌ನೊಳಗೆ ಕರಗಿದ ಮೇಲೆ 1997ರಲ್ಲಿ ಪೋರ್ಟ್ ಅಡಿಲೇಡ್, 2011ರಲ್ಲಿ ಗೋಲ್ಡ್ ಕೋಸ್ಟ್, 2012ರಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ. 2022ರವರೆಗೂ ತಂಡವೊಂದರ ಪಂದ್ಯಗಳ ಸಂಖ್ಯೆ 22 ದಾಟಲಿಲ್ಲ. ಹಾಗಾಗಿ ಎರಡನೇ ಸಲ ಎದುರಾಗುವ ತಂಡಗಳು 14 ತಂಡಗಳಿದ್ದಾಗ ಒಂಬತ್ತು, 16 ಇದ್ದಾಗ ಏಳು, 18 ಆದಾಗ ಐದು. ಎಲ್ಲರೂ ಎರಡೆರಡು ಸಲ ಆಡಬೇಕೆಂದರೆ ತಂಡಕ್ಕೆ 34 ಪಂದ್ಯ ಬೇಕು. ಮೈಗೆ ಮೈ ಡಿಕ್ಕಿ ಹೊಡೆಯುವ, ಒಂದು ಪಂದ್ಯದಲ್ಲಿ 12–13 ಕಿ.ಮೀ. ಓಡಿಸುವ ಆಟವಿದು, ವಾರಕ್ಕೊಂದಕ್ಕಿಂತ ಹೆಚ್ಚು ಆಡಿಸಲಾಗದು. ಬೇಸಿಗೆಯಲ್ಲಿ ಮೈದಾನಗಳು ಕ್ರಿಕೆಟ್ ಪಾಲು. 34 ಆಗದ ಮಾತು.

ಸಾಲದಾದ ಆ ಐದನ್ನು ಹಂಚಿದ ಬಗೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಕಲ್ಲಲ್ಲಿ ಕೊರೆದಂಥ ಪಂದ್ಯಗಳು. ಒಂದೇ ಊರಿನ, ಒಂದೇ ರಾಜ್ಯದ ಎದುರಾಳಿಗಳು ಎರಡು ಸಲ ಆಡಲೇಬೇಕು: ಅಡಿಲೇಡ್–ಪೋರ್ಟ್ ಅಡಿಲೇಡ್, ವೆಸ್ಟ್ ಕೋಸ್ಟ್–ಫ್ರೀಮ್ಯಾಂಟಲ್, ಬ್ರಿಸ್ಬೇನ್–ಗೋಲ್ಡ್ ಕೋಸ್ಟ್, ಸಿಡ್ನಿಯ ಎರಡು ತಂಡಗಳು. ಆಮೇಲೆ ದಿನ ಗೊತ್ತಾದವು: 1995ರಿಂದ ಏಪ್ರಿಲ್ 25ರ ಆನ್ಜಾಕ್ ದಿನ (ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ) ಮೆಲ್ಬರ್ನ್ ಕ್ರಿಕೆಟ್ ಮೈದಾನ ಎಂಸಿಜಿಯಲ್ಲಿ ಕಾಲಿಂಗ್‌ವುಡ್–ಎಸೆಂಡನ್, ಈಸ್ಟರ್ ಸೋಮವಾರ ಜೀಲಾಂಗ್–ಹಾಥಾರ್ನ್. 2023ರ ಆನ್ಜಾಕ್ ಪಂದ್ಯಕ್ಕೆ ಬಂದವರು 95,179. ಇಷ್ಟು ಜನ ಸೇರುವ ಜೋಡಿಯನ್ನು ವರ್ಷಕ್ಕೊಮ್ಮೆ ಮಾತ್ರ ಆಡಿಸಲು ಯಾವ ಲೆಕ್ಕಿಗನಿಗೂ ಮನಸ್ಸು ಬಾರದು. ಇದಾದ ಮೇಲೆ ಉಳಿದ ಜಾಗಕ್ಕೆ ಕಳೆದ ವರ್ಷದ ಅಂಕಪಟ್ಟಿಯನ್ನು ಆರಾರರ ಮೂರು ಗುಂಪು ಮಾಡಿ, ಮೇಲಿನ ಆರಕ್ಕೆ ಮೇಲಿನವರನ್ನೇ ಹೆಚ್ಚು ಸಲ, ಕೆಳಗಿನ ಆರಕ್ಕೆ ಕೆಳಗಿನವರನ್ನು ಹೆಚ್ಚು ಸಲ ಕೊಡುತ್ತಾರೆ. ಅದರ ಮೇಲೆ ಮೈದಾನಗಳ ಲಭ್ಯತೆ, ಎರಡು ಪಂದ್ಯಗಳ ನಡುವಿನ ವಿರಾಮ, ಪರ್ತ್‌ನಿಂದ ಮೆಲ್ಬರ್ನ್‌ಗೆ ಸುಮಾರು 2,700 ಕಿ.ಮೀ. ವಿಮಾನಯಾನ, ಟಿವಿಯ ಗುರುವಾರ–ಶುಕ್ರವಾರ ರಾತ್ರಿಗಳು. ಇಷ್ಟನ್ನೂ ಕಂಪ್ಯೂಟರಿಗೆ ಉಣಿಸಿ ಸಾವಿರಾರು ಕರಡು ತೆಗೆದು ಒಂದನ್ನು ಆರಿಸುತ್ತಾರೆ. 2025ರಿಂದ 2031ರವರೆಗಿನ ಪ್ರಸಾರ ಹಕ್ಕಿಗೆ 450 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುವವರ ಇಷ್ಟಾನಿಷ್ಟ ಆ ಕರಡುಗಳಲ್ಲಿ ಎಷ್ಟು ತೂಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಆರಾರರ ಗುಂಪಿನ ದೋಷ ಅದರ ಹುಟ್ಟಿನಲ್ಲೇ ಇದೆ: ಅಳತೆಗೋಲು ಹಳೆಯದು. ರಿಚ್ಮಂಡ್ 2016ರಲ್ಲಿ 13ನೇ ಸ್ಥಾನ, 2017ರಲ್ಲಿ ಚಾಂಪಿಯನ್. ಕಾಲಿಂಗ್‌ವುಡ್ 2021ರಲ್ಲಿ 18ರಲ್ಲಿ 17ನೆಯದು, ಮರುವರ್ಷ ನಾಲ್ಕನೆಯದು. ಹಿಂದಿನ ವರ್ಷ ನೆಲಕಚ್ಚಿದವರಿಗೆ ಡ್ರಾಫ್ಟ್‌ನಲ್ಲಿ ಹೊಸ ಆಟಗಾರರನ್ನು ಮೊದಲು ಆರಿಸುವ ಹಕ್ಕು ಹೇಗೂ ಇದೆ. ಜೊತೆಗೆ ಮೃದು ವೇಳಾಪಟ್ಟಿಯೂ ಸಿಕ್ಕಿದಾಗ ಮೇಲೇರುವ ತಂಡದ ಬಲವೆಷ್ಟು, ಪಟ್ಟಿಯ ಕೊಡುಗೆಯೆಷ್ಟು ಎಂದು ಬಿಡಿಸಿ ಹೇಳಲಾಗದು.

ಇದಕ್ಕೊಂದು ಮದ್ದು ಚರ್ಚೆಗೆ ಬಂದಿತ್ತು, ‘17–5’. ಮೊದಲ 17 ವಾರ ಎಲ್ಲರೂ ಎಲ್ಲರ ಮೇಲೆ ಒಂದೊಂದು ಸಲ. ಆಮೇಲೆ ಪಟ್ಟಿಯನ್ನು ಆರಾರಾಗಿ ಕತ್ತರಿಸಿ, ಗುಂಪಿನೊಳಗೆ ಐದೈದು ಪಂದ್ಯ. ಹಳೆಯ ಅಳತೆಗೋಲಿನ ತಂಟೆ ಇಲ್ಲ. ತೊಡಕು ಬೇರೆ ಕಡೆ ಇತ್ತು: 18ನೇ ವಾರ ಯಾರು ಯಾರ ಮೇಲೆ, ಎಲ್ಲಿ ಆಡುತ್ತಾರೆಂದು ಹಿಂದಿನ ಭಾನುವಾರದವರೆಗೆ ಗೊತ್ತಿರುವುದಿಲ್ಲ. ಮೈದಾನ, ವಿಮಾನ, ಸೀಸನ್ ಟಿಕೆಟ್ ಯಾವುದನ್ನೂ ಮುಂಗಡ ಹಿಡಿಯಲಾಗದು. ತಳದ ಆರು ತಂಡಗಳ ಐದು ವಾರದ ಆಟ ಯಾರಿಗೆ ಬೇಕು ಎಂಬ ಪ್ರಶ್ನೆಯೂ ಇತ್ತು. ಯೋಜನೆ ಕಪಾಟು ಸೇರಿತು.

ಆಮೇಲೆ 2020 ಬಂತು. ಮಾರ್ಚ್‌ನಲ್ಲಿ ಖಾಲಿ ಮೈದಾನದಲ್ಲಿ ಒಂದು ಸುತ್ತು ಆಡಿ ನಿಲ್ಲಿಸಿದ ಋತುವನ್ನು ಜೂನ್ 11ಕ್ಕೆ ಮತ್ತೆ ಶುರು ಮಾಡಿದಾಗ ಪಂದ್ಯಗಳನ್ನು 17ಕ್ಕೆ ಇಳಿಸಿದರು. 20 ನಿಮಿಷದ ಕ್ವಾರ್ಟರ್ 16 ಆಯಿತು. ಪ್ರತಿ ತಂಡ ಉಳಿದ 17ರ ಮೇಲೆ ಒಂದೊಂದೇ ಸಲ, ಒಟ್ಟು 153 ಪಂದ್ಯ. ತಂಡಗಳು ತಿಂಗಳುಗಟ್ಟಲೆ ಹೋಟೆಲ್‌ಗಳಲ್ಲಿದ್ದವು, ತವರಿನ ಲಾಭವೆಂಬುದು ಅರ್ಥ ಕಳೆದುಕೊಂಡಿತ್ತು, ಕಪ್ ಯಾರದೆಂದು ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ಬ್ರಿಸ್ಬೇನ್‌ನ ಗಾಬಾಕ್ಕೆ ಹೋಯಿತು. ಆದರೂ ಯಾರನ್ನು ಎಷ್ಟು ಸಲ ಎದುರಿಸಿದರು ಎಂಬ ಒಂದೇ ಲೆಕ್ಕದಲ್ಲಿ 1986ರ ನಂತರದ ಅತ್ಯಂತ ಸಮನಾದ ಋತು ಅದೇ. ಕೋವಿಡ್ ಇನ್ನೂ ಇಳಿಯದಿದ್ದರೂ ಮರುವರ್ಷವೇ 22ಕ್ಕೆ ಮರಳಿದರು. 2023ರಲ್ಲಿ ಎಲ್ಲ ಒಂಬತ್ತು ಪಂದ್ಯಗಳನ್ನೂ ಸೌತ್ ಆಸ್ಟ್ರೇಲಿಯಾದಲ್ಲಿ ಆಡಿಸುವ ‘ಗ್ಯಾದರ್ ರೌಂಡ್’ ಸೇರಿ 23 ಆಯಿತು. 2024ರಲ್ಲಿ ಉತ್ತರದ ರಾಜ್ಯಗಳಿಗೆಂದು ‘ಓಪನಿಂಗ್ ರೌಂಡ್’ ಬಂತು. ಅದರಲ್ಲಿ ಕೆಲವೇ ತಂಡಗಳು ಆಡುತ್ತವೆ, ಆಮೇಲೆ ಬೇರೆ ಬೇರೆ ವಾರ ಬಿಡುವು ಪಡೆಯುತ್ತವೆ. ಹಾಗಾಗಿ ಏಪ್ರಿಲ್‌ನ ಅಂಕಪಟ್ಟಿಯಲ್ಲಿ ಪಕ್ಕಪಕ್ಕದ ತಂಡಗಳು ಆಡಿದ ಪಂದ್ಯಗಳ ಸಂಖ್ಯೆಯೇ ಬೇರೆ. ಚಂಡಮಾರುತಕ್ಕೆ ಸಿಕ್ಕಿದ್ದು ಈ ಓಪನಿಂಗ್ ರೌಂಡ್‌ನ ಪಂದ್ಯ.

ಲೀಗ್ ಹಂತ ಸರಿಯಾಗಿ ಅಳೆಯದಿದ್ದರೆ ಫೈನಲ್ಸ್ ಅಳೆಯಲಿ ಎಂಬುದು ಇನ್ನೊಂದು ವಾದ, ಆ ಬಾಗಿಲು ಅಗಲವಾಗುತ್ತಲೇ ಬಂದಿದೆ. 1972ಕ್ಕೆ ಐದು ತಂಡ, 1991ಕ್ಕೆ ಆರು, 1994ಕ್ಕೆ ಎಂಟು. 1994ರ ಪದ್ಧತಿಯಲ್ಲಿ 1–8, 2–7, 3–6, 4–5 ಆಡಿ, ಸೋತ ನಾಲ್ವರಲ್ಲಿ ಮೇಲಿನ ಕ್ರಮಾಂಕದ ಇಬ್ಬರು ಉಳಿಯುತ್ತಿದ್ದರು. 1998ರಲ್ಲಿ ಐದನೆಯ ಅಡಿಲೇಡ್ ಫೈನಲ್ಸ್‌ನ ಮೊದಲ ಪಂದ್ಯದಲ್ಲೇ ಮೆಲ್ಬರ್ನ್ ಕೈಲಿ 48 ಅಂಕಗಳಿಂದ ಸೋತು, ಹಾಗೇ ಉಳಿದು, ಕಪ್ ಎತ್ತಿತು. 2000ದಿಂದ ಡಬಲ್ ಚಾನ್ಸ್ ಮೇಲಿನ ನಾಲ್ವರಿಗೆ ಮಾತ್ರ. ಇದು ಗಟ್ಟಿ ಪದ್ಧತಿ, ಕಾಲು ಶತಮಾನ ತಾಳಿತು. ಆದರೆ ಮೈದಾನದ ಪ್ರಶ್ನೆ ಅದರ ಹೊರಗೇ ಉಳಿಯಿತು. 2004ರಲ್ಲಿ ಬ್ರಿಸ್ಬೇನ್ ತನ್ನ ‘ತವರಿನ’ ಸೆಮಿಫೈನಲ್ ಮಟ್ಟದ ಪಂದ್ಯವನ್ನು ಜೀಲಾಂಗ್ ಮೇಲೆ ಎಂಸಿಜಿಯಲ್ಲಿ ಆಡಬೇಕಾಯಿತು, ಮೈದಾನದ ಒಪ್ಪಂದ ಹಾಗಿತ್ತು. ಆ ನಿಬಂಧನೆ ಸಡಿಲವಾಯಿತು. ಗ್ರ್ಯಾಂಡ್ ಫೈನಲ್ ಮಾತ್ರ 2059ರವರೆಗೆ ಎಂಸಿಜಿಗೇ ಬರೆದುಕೊಟ್ಟಾಗಿದೆ.

2026ರಿಂದ ‘ವೈಲ್ಡ್‌ಕಾರ್ಡ್’ ಸುತ್ತು: ಫೈನಲ್ಸ್‌ಗೆ ಮುಂಚೆ 7–10, 8–9 ಆಡಬೇಕು. 18ರಲ್ಲಿ 10 ತಂಡಗಳಿಗೆ ಫೈನಲ್ಸ್ ನಡೆಯುವ ಸೆಪ್ಟೆಂಬರ್‌ನ ಆಸೆ. ಇದು ಹಿಂದಿನ ವರ್ಷವೇ ಇದ್ದಿದ್ದರೆ ಬುಲ್‌ಡಾಗ್ಸ್ ಎಂಟನೆಯ ಹಾಥಾರ್ನ್ ಮೇಲೆ ಆಡುತ್ತಿತ್ತು, ಆ ಬುಧವಾರದ ಕಹಿ ಅಷ್ಟಿರುತ್ತಿರಲಿಲ್ಲ. 12 ಪಂದ್ಯ ಗೆದ್ದ ಸಿಡ್ನಿ, 15 ಗೆದ್ದ ಗೋಲ್ಡ್ ಕೋಸ್ಟನ್ನು ಒಂದೇ ಸಂಜೆಯಲ್ಲಿ ಮನೆಗೆ ಕಳಿಸಬಹುದಿತ್ತು ಎಂಬುದೂ ನಿಜ. ವೇಳಾಪಟ್ಟಿಯ ಗಾಯಕ್ಕೆ ಫೈನಲ್ಸ್‌ನಲ್ಲಿ ಪಟ್ಟಿ ಕಟ್ಟಿದಂತಾಯಿತು.

2028ಕ್ಕೆ ಟ್ಯಾಸ್ಮೇನಿಯಾ ಡೆವಿಲ್ಸ್ ಬಂದು 19 ತಂಡಗಳಾಗಬೇಕು. ಬೆಸ ಸಂಖ್ಯೆಯಾದ್ದರಿಂದ ಪ್ರತಿ ವಾರ ಒಂದು ತಂಡವಾದರೂ ಕೂರಬೇಕು. ಅದಕ್ಕಿಂತ ತಮಾಷೆಯ ತೊಡಕು ಇನ್ನೊಂದಿದೆ. ಒಂದು ಪಂದ್ಯಕ್ಕೆ ಎರಡು ತಂಡ ಬೇಕಲ್ಲ. 19ನ್ನು 23ರಿಂದ ಗುಣಿಸಿದರೆ 437, ಎರಡರಿಂದ ಭಾಗಿಸಿದರೆ 218 ಪಂದ್ಯ, ಮೇಲೊಂದು ಅರ್ಧ. ಎಲ್ಲರಿಗೂ 23 ಪಂದ್ಯ ಎಂಬುದು ಗಣಿತದಲ್ಲೇ ಆಗದು. 22ಕ್ಕಿಳಿದರೆ ಒಟ್ಟು 209 ಪಂದ್ಯ, ಎರಡನೇ ಸಲ ಎದುರಾಗುವವರು ನಾಲ್ವರು. ಒಂದೇ ಊರಿನ ಅಥವಾ ರಾಜ್ಯದ ಎದುರಾಳಿಯ ಡರ್ಬಿಯೊಂದು ಹೋದರೆ ಹಲವರಿಗೆ ಉಳಿಯುವುದು ಮೂರೇ. 24ಕ್ಕೇರಿದರೆ 228 ಪಂದ್ಯ, ಇನ್ನೊಂದು ವಾರ, ಇನ್ನಷ್ಟು ಗಾಯಾಳುಗಳು. ಈಗಿರುವುದು 207.