ಬಯಲಲ್ಲಿ ಬೆಚ್ಚಗೆ ಕೂರೋಕೆ ಯಾವ ಹೀಟರ್?

ಪ್ಯಾಟಿಯೋ ಹೀಟರ್ ತಗೊಳ್ಳೋಕೆ ಹೊರಟವರು ಮೊದಲು ನೋಡೋದು ಎಷ್ಟು ಕಿಲೋವ್ಯಾಟ್ ಅಂತ. ರೂಮೊಳಗೆ ಈ ಲೆಕ್ಕ ಸರೀನೇ, ನಾಲ್ಕು ಗೋಡೆ ಇದೆ, ಬಿಸಿಯಾದ ಗಾಳಿ ಅಲ್ಲೇ ಸುತ್ತುತ್ತೆ. ಆದ್ರೆ ಬಯಲಲ್ಲಿ ಬಿಸಿ ಗಾಳಿ ಹಗುರ ಆಗಿದ್ದೇ ತಡ ಮೇಲಕ್ಕೆ ಹೋಗ್ಬಿಡುತ್ತೆ, ಉಳಿದಿದ್ದನ್ನ ಬೀಸೋ ಗಾಳಿ ಎಳ್ಕೊಂಡು ಹೋಗುತ್ತೆ. ಹೊರಗಿನ ಗಾಳೀನ ಬಿಸಿ ಮಾಡ್ತೀನಿ ಅನ್ನೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೇ. ಅದಕ್ಕೆ ಹೊರಗಡೆ ಕೆಲಸಕ್ಕೆ ಬರೋದು ವಿಕಿರಣ, ಅಂದ್ರೆ ಇನ್‌ಫ್ರಾರೆಡ್ ಕಿರಣ. ಅದು ಗಾಳೀನ ದಾಟಿ ನೇರವಾಗಿ ಮೈ ಮೇಲೆ, ಬಟ್ಟೆ ಮೇಲೆ ಬಿದ್ದು ಅಲ್ಲೇ ಶಾಖ ಆಗುತ್ತೆ.

1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪ್ರಿಸಂ ಇಂದ ಬಿಸಿಲನ್ನ ಬಣ್ಣ ಬಣ್ಣವಾಗಿ ಬಿಡಿಸಿ, ಕೆಂಪು ಮುಗಿದ ಮೇಲೆ ಏನೂ ಕಾಣದ ಕತ್ತಲ ಜಾಗದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ, ಪಾದರಸ ಅಲ್ಲೂ ಏರ್ತಿತ್ತು. ಕಣ್ಣಿಗೆ ಕಾಣದ ಆ ಬೆಳಕೇ ಇವತ್ತಿನ ಹೀಟರ್‌ನ ಬಂಡವಾಳ. ಹೀಟರ್ ಮುಂದೆ ಕೂತಿರುವಾಗ ಮಧ್ಯೆ ಯಾರಾದ್ರೂ ಹಾದುಹೋದ್ರೆ ಗಮನಿಸಿ, ಕೆನ್ನೆ ಮೇಲಿನ ಬಿಸಿ ತಕ್ಷಣ ಹೋಗ್ಬಿಡುತ್ತೆ, ಅವರು ಸರಿದ ಕೂಡ್ಲೇ ವಾಪಸ್ ಬರುತ್ತೆ. ಶಾಖಕ್ಕೂ ನೆರಳು ಬೀಳುತ್ತೆ!

ಎಲೆಕ್ಟ್ರಿಕ್ ಹೀಟರ್‌ಗಳಲ್ಲಿ ನಿಜವಾದ ವ್ಯತ್ಯಾಸ ಇರೋದು ಬಿಸಿಯಾಗೋ ಭಾಗದ ತಾಪಮಾನದಲ್ಲಿ. ಒಂದು ವಸ್ತು ಹೊರಸೂಸೋ ವಿಕಿರಣ ಅದರ ಕೆಲ್ವಿನ್ ತಾಪಮಾನದ (ಸೆಲ್ಸಿಯಸ್‌ಗೆ 273 ಕೂಡಿಸಿದ್ರೆ ಬರೋದು) ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ, ತಾಪ ಎರಡರಷ್ಟಾದ್ರೆ ವಿಕಿರಣ 16 ಪಟ್ಟು. ಹ್ಯಾಲೊಜೆನ್ ಹೀಟರ್‌ನ ತಂತಿ 2000 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತೆ, ಹಾಗಾಗಿ ವಿದ್ಯುತ್ತಿನ ಬಹುಪಾಲು ಕಿರಣವಾಗೇ ಹೊರಡುತ್ತೆ, ಗಾಳಿ ಬೀಸಿದ್ರೂ ಜಾಸ್ತಿ ಹಾಳಾಗಲ್ಲ, ಸ್ವಿಚ್ ಹಾಕಿದ ಒಂದೆರಡು ಸೆಕೆಂಡಿಗೇ ಬಿಸಿ ತಾಗುತ್ತೆ. ಆದ್ರೆ ಕೆಂಪು ಬೆಳಕು ಕಣ್ಣಿಗೆ ಹೊಡೆಯುತ್ತೆ, ಮಾತಾಡ್ತಾ ಕೂರೋ ಜಾಗಕ್ಕೆ ಅದು ಕೆಲವರಿಗೆ ಹಿಡಿಸಲ್ಲ. ಬೆಳಕೇ ಇಲ್ಲದ ಕಪ್ಪು ಪ್ಯಾನೆಲ್‌ಗಳು ಕೆಲವು ನೂರು ಡಿಗ್ರಿಯಲ್ಲಷ್ಟೇ ಕೆಲಸ ಮಾಡ್ತವೆ, ನೋಡೋಕೆ ಚೆಂದ, ಆದ್ರೆ ಕಾಯೋಕೆ ಹಲವು ನಿಮಿಷ ಬೇಕು, ತಮಗೆ ತಾಗಿದ ಗಾಳಿಗೇ ಶಾಖದ ದೊಡ್ಡ ಪಾಲನ್ನ ಬಿಟ್ಟುಕೊಡ್ತವೆ. ಮೂರು ಕಡೆ ಮರೆ ಇರೋ ಸಿಟ್‌ಔಟ್‌ಗೆ ಅವು ಸರಿ, ಗಾಳಿಗೆ ತೆರೆದ ಟೆರೇಸಿಗೆ ನಾನಂತೂ ಹೇಳಲ್ಲ. ಕಾರ್ಬನ್ ಎಳೆ ಕಾಯೋ ಕಾರ್ಬನ್ ಹೀಟರ್ ಇವೆರಡರ ನಡುವಿನದು.

ಇನ್ನು ದೂರ. ಚಿಕ್ಕ ಹೀಟರ್‌ನಿಂದ ಒಂದು ಮೀಟರ್ ದೂರದಲ್ಲಿ ಸಿಗೋ ಬಿಸಿ ಎರಡು ಮೀಟರಿಗೆ ಹೋದ್ರೆ ಹೆಚ್ಚುಕಮ್ಮಿ ಕಾಲುಭಾಗಕ್ಕೆ ಇಳಿಯುತ್ತೆ. ಅದಕ್ಕೇ ಒಂದು ದೊಡ್ಡ ಹೀಟರ್ ಬದಲು ಎರಡು ಚಿಕ್ಕವನ್ನ ಎದುರುಬದುರು, ಸ್ವಲ್ಪ ಓರೆಯಾಗಿ ಹಾಕೋದು ಎಷ್ಟೋ ವಾಸಿ, ಇಲ್ಲಾಂದ್ರೆ ಮುಖ ಸುಡುತ್ತೆ, ಬೆನ್ನು ನಡುಗುತ್ತೆ. ನೆತ್ತಿ ಮೇಲೆ ನೇರವಾಗಿ ತೂಗುಹಾಕಿದ್ರೆ ತಲೆ ಕಾಯುತ್ತೆ, ಮೇಜಿನ ಕೆಳಗಿನ ಕಾಲು ತಣ್ಣಗೇ ಇರುತ್ತೆ.

ಹೀಟರ್‌ಗಿಂತ ಮೊದಲು ಮೇಲೆ ನೋಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ನಮ್ಮ ಮೈಯೂ ಇನ್‌ಫ್ರಾರೆಡ್ ಬಿಡ್ತಾನೇ ಇರುತ್ತೆ, ಮೋಡ ಇಲ್ಲದ ರಾತ್ರಿ ಆಕಾಶ ಸುತ್ತಲಿನ ಗಾಳಿಗಿಂತ ಎಷ್ಟೋ ತಣ್ಣಗಿರೋ ಛಾವಣಿ ಇದ್ದಂಗೆ ವರ್ತಿಸುತ್ತೆ, ನಾವು ಕಳಿಸಿದ ಶಾಖದಲ್ಲಿ ಸ್ವಲ್ಪ ಮಾತ್ರ ಹಿಂದಿರುಗಿಸುತ್ತೆ. ಒಂದು ಬಟ್ಟೆಯ ಚಪ್ಪರ, ಗಾಳಿ ಬರೋ ದಿಕ್ಕಿಗೆ ಒಂದು ಅಡ್ಡಗೋಡೆ ಇಷ್ಟಿದ್ರೆ ಎಷ್ಟೋ ಸಲ ಅರ್ಧ ಶಕ್ತಿಯ ಹೀಟರೇ ಸಾಕಾಗುತ್ತೆ. ಚಪ್ಪರಕ್ಕೂ ಹೀಟರ್‌ಗೂ ತಯಾರಕರು ಹೇಳಿದಷ್ಟು ಅಂತರ ಮಾತ್ರ ಬಿಡಲೇಬೇಕು. ನೀರು, ಧೂಳು ಎಷ್ಟು ತಡೆಯುತ್ತೆ ಅಂತ ಹೇಳೋ ಐಪಿ ಅಂಕಾನೂ ನೋಡಿ: ಮಳೆ ಹನಿ ಬೀಳೋ ಜಾಗ ಆದ್ರೆ ಕನಿಷ್ಠ ಐಪಿ 44, ಜೋರಾಗಿ ನೀರು ಹೊಡೆಯೋ ಕಡೆ ಐಪಿ 65 ನೋಡಿ. 2 ಕಿಲೋವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ 9 ಆಂಪಿಯರ್ ಹತ್ರ ಎಳೆಯುತ್ತೆ, ಸಣ್ಣ ಎಕ್ಸ್‌ಟೆನ್ಷನ್ ವೈರ್ ಅದನ್ನ ತಡ್ಕೊಳ್ಳಲ್ಲ, ಸುರುಳಿ ಸುತ್ತಿಟ್ಟಿದ್ರಂತೂ ಒಳಗೊಳಗೇ ಕಾದು ಕರಗಬಹುದು.

ಅಣಬೆ ಆಕಾರದ ಗ್ಯಾಸ್ ಹೀಟರ್‌ಗೆ ವೈರ್ ಬೇಡ, ಎಲ್ಲಿ ಬೇಕಾದ್ರೂ ಇಡಬಹುದು, ಅದು ನಿಜವಾದ ಅನುಕೂಲ. ಆದ್ರೆ ಸುಮಾರು 13 ಕಿಲೋವ್ಯಾಟಿನದು ಪೂರ್ತಿ ಉರಿದ್ರೆ ಗಂಟೆಗೆ ಸಿಲಿಂಡರಿನ ಒಂದು ಕೆಜಿಯಷ್ಟು ಪ್ರೊಪೇನ್ ಗ್ಯಾಸ್ ಹೋಗುತ್ತೆ, 3 ಕೆಜಿ ಹತ್ರ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಶಾಖದ ದೊಡ್ಡ ಪಾಲು ಬಿಸಿ ಹೊಗೆಯಾಗಿ ಆಕಾಶಕ್ಕೆ. ಗಾಳಿಯಾಡದ ಜಾಗದಲ್ಲಿ, ಪ್ಲಾಸ್ಟಿಕ್ ಪರದೆ ಇಳಿಬಿಟ್ಟ ಟೆಂಟಿನಲ್ಲಿ ಇದನ್ನ ಹಚ್ಚಲೇಬೇಡಿ, ಗಾಳಿ ಸಾಲದೆ ಉರಿದಾಗ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳುತ್ತೆ. ಬಿದ್ರೆ ತಾನೇ ಆಫ್ ಆಗೋ ಸ್ವಿಚ್, ಜ್ವಾಲೆ ಆರಿದ್ರೆ ಗ್ಯಾಸ್ ನಿಲ್ಲಿಸೋ ವ್ಯವಸ್ಥೆ ಇಲ್ಲದ್ದನ್ನ ತಗೋಬೇಡಿ.

ಚಳಿ ದೇಶದಲ್ಲಿ ಬ್ಯೂಟೇನ್ ಅನ್ನೋ ಇನ್ನೊಂದು ಗ್ಯಾಸಿನ ಸಿಲಿಂಡರ್ ಹೊರಗೆ ನಡೆಯಲ್ಲ, ಅದು ಸೊನ್ನೆ ಡಿಗ್ರಿ ಹತ್ರ ಆವಿಯಾಗೋದನ್ನೇ ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತೆ. ಆದ್ರೂ ಹೊತ್ತು ಹೋದಂಗೆ ಉರಿ ಸಣ್ಣಗಾಗೋದುಂಟು. ಆಗ ಸಿಲಿಂಡರ್ ನೋಡಿ, ಕೆಳಭಾಗದಲ್ಲಿ ಬೆಳ್ಳಗೆ ಹಿಮ ಕಟ್ಟಿದ್ರೆ ಆ ಗೆರೆಯವರೆಗೂ ದ್ರವ ಇನ್ನೂ ಇದೆ ಅಂತ ಅರ್ಥ. ಆವಿಯಾಗ್ತಾ ಆಗ್ತಾ ಅದು ತನ್ನ ಶಾಖವನ್ನೇ ಕಳ್ಕೊಂಡು ತಣ್ಣಗಾಗಿರುತ್ತೆ, ಒತ್ತಡ ಇಳಿದಿರುತ್ತೆ ಅಷ್ಟೇ. ಅದನ್ನ ಬೆಂಕಿ ಹತ್ರ ತರೋ ಯೋಚನೆ ಬೇಡ, ಹೀಟರ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ರೆ ಸುತ್ತಲಿನ ಗಾಳಿಯಿಂದಲೇ ಶಾಖ ಎಳ್ಕೊಂಡು ಒತ್ತಡ ಮತ್ತೆ ಏರುತ್ತೆ.