ಕಿಚ್ಚು ಹಾಯಿಸಿದರೆ ಹಸುವಿಗೆ ಸುಡಲ್ವಾ?

ಪ್ರಶ್ನೆ: ಸಂಕ್ರಾಂತಿಗೆ ಗಂಡನ ಊರಿಗೆ, ಮಂಡ್ಯ ಕಡೆ ಹೋಗಿದ್ದೆ. ಬೆಳಿಗ್ಗೆ ಪೂಜೆ ಮಾಡಿದ ಹಸುಗಳನ್ನೇ ಸಂಜೆ ಬೆಂಕಿ ಮೇಲೆ ಓಡಿಸಿದರು! ಪೂಜೆ ಸರಿ, ಬೆಂಕಿ ಯಾಕೆ? ಸುಡಲ್ವಾ?

ಉತ್ತರ: ಪ್ರತಿ ಜನವರಿಯಲ್ಲೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಸರಿಯಾಗಿ ಮಾಡಿದರೆ ಸುಡುವುದಿಲ್ಲ. ಉರಿಸುವುದು ಸೌದೆಯಲ್ಲ, ಒಣಹುಲ್ಲು. ದಾರಿಗೆ ಅಡ್ಡಲಾಗಿ ಹರಡಿ ಕಡ್ಡಿ ಗೀರಿದರೆ ಭಗ್ಗನೆ ಎದ್ದು ಬೇಗ ಇಳಿದುಬಿಡುತ್ತದೆ. ಹಗ್ಗ ಹಿಡಿದವನೂ ರಾಸಿನ ಜೊತೆಗೇ ಹಾರುತ್ತಾನೆ, ನೋಡಿದಿರಲ್ವಾ? ರಾಸುಗಳಿಗೆ ನಿಜವಾದ ಕಾಟ ಸುತ್ತ ನಿಂತವರ ಪಟಾಕಿ, ಕೇಕೆಗಳದ್ದು. ಅದು ನನಗೂ ಹಿಡಿಸಲ್ಲ.

ಇನ್ನು ಯಾಕೆ ಅನ್ನೋದು. ಹಿರಿಯರನ್ನು ಕೇಳಿದರೆ "ಮೈಮೇಲಿನ ಉಣ್ಣೆ ಉದುರ್ತವೆ" ಅಂತಾರೆ. ನನಗಂತೂ ನಂಬಿಕೆಯಿಲ್ಲ. ಉಣ್ಣೆ ಅಂದರೆ ರಕ್ತ ಹೀರುವ ಹುಳ, ಚರ್ಮ ಕಚ್ಚಿಕೊಂಡು ಕೂತಿರುತ್ತದೆ, ಎರಡು ಸೆಕೆಂಡಿನ ಬಿಸಿಗೆಲ್ಲ ಬಿಡುವಂಥದ್ದಲ್ಲ. ಹೆಣ್ಣು ಉಣ್ಣೆ ಹೊಟ್ಟೆ ತುಂಬ ರಕ್ತ ಕುಡಿದು, ಕೆಳಗೆ ಬಿದ್ದು, ಕೊಟ್ಟಿಗೆಯ ಸಂದುಗೊಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಉಣ್ಣೆ ಹೋಗಬೇಕಾದರೆ ಕೊಟ್ಟಿಗೆಯನ್ನೂ ಚೊಕ್ಕಟ ಮಾಡಬೇಕು.

ಇನ್ನೊಂದು ಉತ್ತರ, ದೃಷ್ಟಿ. ನನಗೆ ಇದೇ ಸರಿ ಅನ್ನಿಸುತ್ತದೆ. ಭತ್ತದ ಒಕ್ಕಣೆ ಮುಗಿದು, ನೊಗ ಹೊತ್ತ ಎತ್ತುಗಳಿಗೆ ಒಂದಿಷ್ಟು ಬಿಡುವು ಸಿಗುವ ಕಾಲ ಅದು. ಬೆಳಿಗ್ಗೆಯೇ ನಾಲೆಯಲ್ಲೋ ಕೆರೆಯಲ್ಲೋ ಮೈ ತೊಳೆಯುತ್ತಾರೆ. ಕೊಂಬು ಹೆರೆದು ಬಣ್ಣ ಬಳಿಯುತ್ತಾರೆ. ಮೈಗೆ ಅರಿಶಿನ, ಕೊರಳಿಗೆ ಗೆಜ್ಜೆ, ಕೊಂಬಿನ ತುದಿಗೆ ಬಲೂನು. ಸಿಹಿ ಪೊಂಗಲ್ಲೂ ಮೊದಲು ಅವಕ್ಕೇ. ಅರಿಶಿನ ಮೆತ್ತಿದ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಬೀದಿಗೆ ಬಂದರೆ ಇಡೀ ಊರಿನ ಕಣ್ಣು ಅದರ ಮೇಲೆ. ಸಿಂಗಾರ ಮಾಡಿದ ಮಗುವಿಗೆ ಪೊರಕೆ ಕಡ್ಡಿ ಹಚ್ಚಿ ದೃಷ್ಟಿ ತೆಗೀತೀವಲ್ಲ, ಹಾಗೇ ಇದೂ. ಮಗುವಿಗೆ ಕಡ್ಡಿ ಸಾಕು, ಎತ್ತಿಗೆ ಒಂದು ಹೊರೆ ಹುಲ್ಲೇ ಬೇಕು.

ಮತ್ತೆ ನೋಡುವ ಮನಸ್ಸಿದ್ದರೆ ಮೈಸೂರಿನ ಹತ್ತಿರದ ಸಿದ್ದಲಿಂಗಪುರಕ್ಕೆ ಹೋಗಿ. ಬೆಂಗಳೂರು ರಸ್ತೆಯಲ್ಲೇ ಸಿಗುತ್ತದೆ. ಹಬ್ಬ ಜನವರಿ 14 ಅಥವಾ 15ಕ್ಕೆ ಬೀಳುತ್ತದೆ. ಹೊತ್ತು ಮುಳುಗುವ ಮೊದಲೇ ಜಾಗ ಹಿಡಿಯಿರಿ, ಜನ ಜಾಸ್ತಿ.

ಗಬ್ಬದ ಹಸುವನ್ನು ಮಾತ್ರ ನಮ್ಮ ಮನೆಯಲ್ಲಿ ಕಿಚ್ಚಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಬೆಂಕಿ ಆರಿದ ಮೇಲೆ ಅಜ್ಜಿ ಒಂದು ಚಿಟಿಕೆ ಬೂದಿ ತಂದು ಅದರ ಹಣೆಗೆ ಹಚ್ಚುತ್ತಿದ್ದರು. ಅದಕ್ಕೂ ದೃಷ್ಟಿ ಹೋಯಿತು ಅಂತಲೇ ಲೆಕ್ಕ.