ಪಾಸ್‌ವರ್ಡ್ ಸರಿ ಇದ್ದರೂ ‘ಇವರು ಅವರಲ್ಲ’ ಎಂದು ಕಂಪ್ಯೂಟರ್‌ಗೆ ಹೇಗೆ ಅನುಮಾನ ಬರುತ್ತದೆ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ವ್ಯಾಪಾರದ ಕಚೇರಿ. ಒಂದೇ ಕಂಪ್ಯೂಟರ್, ಒಂದೇ ಲಾಗಿನ್, ಮೂವರು ಕೂರುತ್ತೇವೆ. ಬ್ಯಾಂಕಿನ ವೆಬ್‌ಸೈಟ್ ಒಬ್ಬರನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಇನ್ನೊಬ್ಬರು ಅದೇ ಪಾಸ್‌ವರ್ಡ್ ಹಾಕಿದರೆ ಮತ್ತೊಂದು ಒಟಿಪಿ ಕೇಳುತ್ತದೆ. ಕೀ ಒತ್ತುವ ರೀತಿಯಿಂದಲೇ ಆಳನ್ನು ಗುರುತು ಹಿಡಿಯುತ್ತಾರಂತೆ, ನಿಜವೇ? ಹಾಗಿದ್ದರೆ ಲೆಕ್ಕದ ನಮೂದನ್ನು ಯಾರು ತಿದ್ದಿದರು ಎಂಬುದೂ ಅದರಿಂದ ಗೊತ್ತಾಗುತ್ತದೆಯೇ?

ಉತ್ತರ: ಮೊದಲನೆಯದು ನಿಜ. ಎರಡನೆಯ ಕೆಲಸಕ್ಕೆ ಅದನ್ನು ಬಳಸಲೇಬಾರದು. ಕೀಬೋರ್ಡ್, ಮೌಸ್, ಟಚ್‌ಸ್ಕ್ರೀನ್ ಬಳಸುವ ರೀತಿಯನ್ನು ಅಳೆಯುವ ತಂತ್ರ ಹೆಸರು ಹೇಳುವುದಿಲ್ಲ. ‘ಈ ಖಾತೆಯವರು ದಿನಾ ಹೀಗೆ ಒತ್ತುತ್ತಾರೆ, ಇವತ್ತಿನದು ಅದಕ್ಕೆ ಇಷ್ಟು ದೂರ ಇದೆ’ ಎಂದು ಒಂದು ಅಂಕ ಕೊಡುತ್ತದೆ, ಅಷ್ಟೇ. ಆ ಅಂಕ ನೋಡಿ ಇನ್ನೊಂದು ಒಟಿಪಿ ಕೇಳುವುದು ಸರಿ. ಅದನ್ನೇ ಹಿಡಿದು ಒಬ್ಬ ಗುಮಾಸ್ತನ ಮೇಲೆ ಕಳ್ಳತನ ಹೊರಿಸುವುದು ಅನ್ಯಾಯ.

ಅಳೆಯುವುದು ಏನನ್ನು? ಕನ್ನಡ ಟೈಪಿಂಗ್‌ಗೆ ಬಳಸುವ ನುಡಿ ತಂತ್ರಾಂಶದ ಕೆಜಿಪಿ ಎಂಬ ಕೀ ವಿನ್ಯಾಸದಲ್ಲಿ ‘ಬಳ್ಳಾರಿ’ ಎಂದು ಟೈಪ್ ಮಾಡುವುದನ್ನೇ ನೋಡಿ. ಬಿ, ಶಿಫ್ಟ್ ಜೊತೆ ಎಲ್, ಒತ್ತಕ್ಷರಕ್ಕೆ ಎಫ್, ಮತ್ತೆ ಶಿಫ್ಟ್ ಎಲ್, ದೀರ್ಘಕ್ಕೆ ಶಿಫ್ಟ್ ಎ, ಆರ್, ಐ. ಶಿಫ್ಟ್ ಬಿಟ್ಟು ಏಳು ಒತ್ತು. ಪ್ರತಿ ಕೀ ಕೆಳಗೆ ಹೋದ ಕ್ಷಣ, ಮೇಲೆ ಬಂದ ಕ್ಷಣ ಎರಡೂ ಕಂಪ್ಯೂಟರ್‌ಗೆ ತಿಳಿಯುತ್ತವೆ. ಒಂದು ಕೀಯನ್ನು ಎಷ್ಟು ಹೊತ್ತು ಒತ್ತಿ ಹಿಡಿದಿರಿ ಎಂಬುದು ಮೊದಲ ಅಳತೆ. ಸಾಮಾನ್ಯವಾಗಿ ಇದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು, ಅಂದರೆ 100 ಮಿಲಿಸೆಕೆಂಡ್. ಒಂದು ಕೀ ಬಿಟ್ಟು ಇನ್ನೊಂದನ್ನು ಒತ್ತುವ ನಡುವಿನ ಅಂತರ ಎರಡನೆಯದು. ಕೈ ಪಳಗಿದವರಲ್ಲಿ ಈ ಅಂತರ ಸೊನ್ನೆಗಿಂತ ಕೆಳಗೂ ಹೋಗುತ್ತದೆ, ಏಕೆಂದರೆ ಆರ್ ಇನ್ನೂ ಮೇಲೆ ಬಂದಿರುವುದಿಲ್ಲ, ಐ ಆಗಲೇ ಕೆಳಗೆ ಹೋಗಿರುತ್ತದೆ.

ಏಳು ಒತ್ತಿಗೆ ಏಳು ಹಿಡಿತ, ಆರು ಅಂತರ. ಒಟ್ಟು 13 ಸಂಖ್ಯೆ. ಇದರ ಜೊತೆಗೆ ಶಿಫ್ಟ್‌ನ ನಡತೆಯೂ ಇದೆ. ಎಡಗಡೆಯದೋ ಬಲಗಡೆಯದೋ? ಎಫ್ ಒತ್ತಿದ ಮೇಲೆ ಬರುವ ಎಲ್ ಮತ್ತು ಎ ಎರಡಕ್ಕೂ ಶಿಫ್ಟನ್ನು ಹಿಡಿದೇ ಇರುತ್ತಾರೋ, ಬಿಟ್ಟು ಮತ್ತೆ ಒತ್ತುತ್ತಾರೋ? ಬೆರಳಚ್ಚು ಶಾಲೆಯಲ್ಲಿ ಕಲಿತವರು ಒಂದು ರೀತಿ ಮಾಡುತ್ತಾರೆ, ಎರಡೇ ಬೆರಳಿನಲ್ಲಿ ಹುಡುಕಿ ಒತ್ತುವವರು ಇನ್ನೊಂದು ರೀತಿ. ಇದು ವರ್ಷಗಟ್ಟಲೆ ಬದಲಾಗದ ಅಭ್ಯಾಸ. ನಮ್ಮ ಅಂದಾಜಿನಲ್ಲಿ ಕನ್ನಡ ಟೈಪಿಂಗ್‌ನಲ್ಲಿ ಒತ್ತಕ್ಷರ ಮತ್ತು ದೀರ್ಘ ಬರುವ ಕಡೆಯೇ ಗುರುತು ಹೆಚ್ಚು ಬಿಟ್ಟುಕೊಡುತ್ತದೆ.

ಇನ್ನು ಅಂಕ ಹಾಕುವ ಬಗೆ. ಒಬ್ಬರು ಅದೇ ಪದವನ್ನು ಐವತ್ತು ಸಲ ಟೈಪ್ ಮಾಡಿದ್ದಾರೆ ಎಂದುಕೊಳ್ಳಿ. ಬಿ ಕೀಯ ಹಿಡಿತದ ಸರಾಸರಿ 92 ಮಿಲಿಸೆಕೆಂಡ್, ಸರಾಸರಿಯಿಂದ ಸಾಮಾನ್ಯವಾಗಿ ಆಚೀಚೆ ಆಗುವುದು 8. ಇವತ್ತು 100 ಬಂತು ಅಂದರೆ ವ್ಯತ್ಯಾಸ 8, ಅದನ್ನು 8ರಿಂದ ಭಾಗಿಸಿದರೆ 1. ಬೇರೆಯವರು ಕೂತು 132 ಬಂತು ಅಂದರೆ ವ್ಯತ್ಯಾಸ 40, ಅಂಕ 5. ಹೀಗೆ 13 ಸಂಖ್ಯೆಗಳಿಗೂ ಹಾಕಿ ಕೂಡಿದರೆ ಖಾತೆಯವರದು 13ರ ಹತ್ತಿರ ಸುಳಿಯುತ್ತದೆ, ಪರರದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಗೆರೆ ಎಲ್ಲಿ ಎಳೆಯಬೇಕು ಎಂಬುದೇ ದೊಡ್ಡ ತೀರ್ಮಾನ. 16ಕ್ಕೆ ಎಳೆದರೆ ನಿಜವಾದವರೇ ಆಗಾಗ ಹೊರಗೆ ನಿಲ್ಲುತ್ತಾರೆ, 30ಕ್ಕೆ ಎಳೆದರೆ ಪರರೂ ನುಸುಳುತ್ತಾರೆ. ಎಕ್ಸೆಲ್‌ನಲ್ಲೇ ಮಾಡಬಹುದಾದ ಈ ಲೆಕ್ಕ ದೊಡ್ಡ ದೊಡ್ಡ ವಿಧಾನಗಳಿಗೆ ಸರಿಸಮ ನಿಂತಿದೆ. 2009ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 51 ಜನರಿಂದ ಒಂದೇ ಹತ್ತಕ್ಷರದ ಪಾಸ್‌ವರ್ಡನ್ನು ತಲಾ 400 ಸಲ ಟೈಪ್ ಮಾಡಿಸಿ 14 ವಿಧಾನಗಳನ್ನು ಒರೆಗೆ ಹಚ್ಚಿದರು. ತಪ್ಪು ಎರಡೂ ಕಡೆ ಸಮವಾಗುವಂತೆ ಗೆರೆ ಎಳೆದಾಗ ಕಡಿಮೆ ತಪ್ಪು ಮಾಡಿದ್ದು ಈ ಸರಳ ಲೆಕ್ಕ. ಆದರೂ ತಪ್ಪಿನ ಪ್ರಮಾಣ ಶೇ 9.6.

ಆ 9.6 ಅನ್ನು ನಿಮ್ಮ ಕಚೇರಿಗೆ ತಂದು ನೋಡಿ. ನೀವೇ ನೂರು ಸಲ ಲಾಗಿನ್ ಆದರೆ ಹತ್ತಿರಹತ್ತಿರ ಹತ್ತು ಸಲ ‘ನೀವಲ್ಲ’ ಅನ್ನುತ್ತದೆ. ಪರರು ನೂರು ಸಲ ಯತ್ನಿಸಿದರೆ ಹತ್ತು ಸಲದ ಹತ್ತಿರ ‘ನೀವೇ’ ಅಂದುಬಿಡುತ್ತದೆ. ಪಾಸ್‌ವರ್ಡ್‌ನ ಜೊತೆಗೆ ಇಟ್ಟ ಕಾವಲಿಗೆ ಇದು ಬಹಳ ಉಪಯುಕ್ತ, ಏಕೆಂದರೆ ಪಾಸ್‌ವರ್ಡ್ ಕದ್ದವರಲ್ಲಿ ಹತ್ತಕ್ಕೆ ಒಂಬತ್ತು ಜನರನ್ನು ಬಾಗಿಲಲ್ಲೇ ತಡೆಯುತ್ತದೆ. ಪಾಸ್‌ವರ್ಡ್‌ನ ಬದಲಿಗೆ ಇಟ್ಟರೆ ಮಾತ್ರ ಕೆಲಸಕ್ಕೆ ಬಾರದು. ‘ಇವರು ಇಂಥವರೇ ಹೌದೇ’ ಎಂದು ಕೇಳುವುದಕ್ಕೂ ‘ಇವರು ಯಾರು’ ಎಂದು ಕೇಳುವುದಕ್ಕೂ ಅಜಗಜಾಂತರ. ನೂರಕ್ಕೆ ಒಂದೇ ತಪ್ಪು ಮಾಡುವ ವ್ಯವಸ್ಥೆ ಇದ್ದರೂ, ಒಂದು ಲಕ್ಷ ಗ್ರಾಹಕರಲ್ಲಿ ಒಬ್ಬರನ್ನು ಹುಡುಕಿಸಿದರೆ ಸಾವಿರ ಜನ ‘ಅವರೇ’ ಎಂದು ಎದುರು ನಿಲ್ಲುತ್ತಾರೆ.

ಇದು ಹೊಸ ವಿದ್ಯೆಯೇನಲ್ಲ. ತಂತಿ ಕಚೇರಿಗಳ ಕಾಲದಲ್ಲಿ ಅನುಭವಿ ಆಪರೇಟರುಗಳು ಕಟ್ಟು-ಕಡ ಸದ್ದಿನ ಲಯದಿಂದಲೇ ಆಚೆ ತುದಿಯಲ್ಲಿ ಯಾರು ಕೂತಿದ್ದಾರೆಂದು ಹೇಳುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ರೇಡಿಯೊ ಆಪರೇಟರುಗಳ ಕೈಬರಹದಂಥ ಈ ಗುರುತನ್ನು ಹಿಡಿದು ಸೇನಾ ತುಕಡಿಗಳ ಓಡಾಟ ಪತ್ತೆ ಮಾಡುತ್ತಿದ್ದರು. ಕೀಬೋರ್ಡ್ ಬಗ್ಗೆ ಅಮೆರಿಕದ ರ‍್ಯಾಂಡ್ ಸಂಸ್ಥೆಯ ವರದಿ ಬಂದದ್ದು 1980ರಲ್ಲಿ, ಏಳೇ ಜನ ವೃತ್ತಿಪರ ಬೆರಳಚ್ಚುಗಾರರ ಮೇಲೆ ನಡೆಸಿದ ಪ್ರಯೋಗ ಅದು.

ಎಲ್ಲಿ ಕೈಕೊಡುತ್ತದೆ

ಮೊದಲ ಕಾರಣ ಯಂತ್ರದ್ದು. ಸಂಡೂರು ಕಡೆಯ ಕೆಂಪು ಧೂಳು, ರಾಯಚೂರಿನ ಹತ್ತಿ ಅಂಗಡಿಗಳ ಎಳೆ ಕೀಗಳ ಕೆಳಗೆ ಕೂತರೆ ಕೀ ಮೇಲೆ ಬರುವುದು ತಡವಾಗುತ್ತದೆ. ಹಿಡಿತದ ಕಾಲ ಹಿಗ್ಗುತ್ತದೆ, ತಪ್ಪು ಬೆರಳಿನದಲ್ಲ. ಹಳೇ ಕೀಬೋರ್ಡ್ ಎಸೆದು ಹೊಸದು ತಂದ ದಿನವೂ ಅಷ್ಟೇ, ಕೀ ಇಳಿಯುವ ಆಳ ಬದಲಾದರೆ ಲಯ ಬದಲಾಗುತ್ತದೆ. ಸಾಧಾರಣ ಯುಎಸ್‌ಬಿ ಕೀಬೋರ್ಡನ್ನು ಕಂಪ್ಯೂಟರ್ 8 ಮಿಲಿಸೆಕೆಂಡಿಗೊಮ್ಮೆ ಮಾತ್ರ ವಿಚಾರಿಸುತ್ತದೆ. ವಿಂಡೋಸ್‌ನ ಒಳಗಡಿಯಾರ ಸಹಜವಾಗಿ 15.6 ಮಿಲಿಸೆಕೆಂಡಿಗೊಮ್ಮೆ ಹೆಜ್ಜೆ ಇಡುತ್ತದೆ. ಅಳೆಯಬೇಕಾದ ವ್ಯತ್ಯಾಸವೇ 8 ಇದ್ದಾಗ 15.6ರ ಗಡಿಯಾರ ಹಿಡಿದರೆ, ಚಿನ್ನ ತೂಗಲು ಅಕ್ಕಿ ಮೂಟೆಯ ತಕ್ಕಡಿ ತಂದಂತೆ.

ಎರಡನೆಯದು ಮನುಷ್ಯನದು. ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದರೆ, ಭುಜಕ್ಕೆ ಫೋನ್ ಒತ್ತಿ ಒಂದೇ ಕೈಯಲ್ಲಿ ಟೈಪ್ ಮಾಡಿದರೆ, ಪಾಸ್‌ವರ್ಡ್ ನಿನ್ನೆಯಷ್ಟೇ ಬದಲಾಗಿದ್ದರೆ ಅಂಕ ಏರುತ್ತದೆ. ಹೊಸ ಪಾಸ್‌ವರ್ಡ್ ಕೈಗೆ ಕೂರಲು ಹಲವಾರು ಸಲ ಬೇಕು. ಅದಕ್ಕೇ ಮೊದಮೊದಲ ಮಾದರಿಗಳನ್ನು ಬಿಟ್ಟು, ಒಂದೇ ದಿನ ಐವತ್ತು ಸಲ ಟೈಪ್ ಮಾಡಿಸದೆ ಬೇರೆ ಬೇರೆ ದಿನ ಹಂಚಿ ಮಾದರಿ ತೆಗೆದುಕೊಳ್ಳಬೇಕು. ಕನ್ನಡಕ್ಕೂ ಇಂಗ್ಲಿಷ್‌ಗೂ, ಕೆಜಿಪಿಗೂ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀ ವಿನ್ಯಾಸಕ್ಕೂ ಒಂದೇ ಮಾದರಿ ನಡೆಯದು. ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಕ್ಷರದ ಕೀ ಡಿ, ಬೆರಳೇ ಬೇರೆ.

ಪಾಸ್‌ವರ್ಡನ್ನು ಬ್ರೌಸರ್ ತಾನೇ ತುಂಬಿದರೆ ಲಯ ಎಂಬುದೇ ಇರುವುದಿಲ್ಲ. ಆಗ ಲೆಕ್ಕಕ್ಕೆ ಬರುವುದು ಮೌಸ್: ಬಾಣ ಗುರಿಯತ್ತ ಎಷ್ಟು ವೇಗದಲ್ಲಿ, ಎಷ್ಟು ಬಾಗಿ ಸಾಗುತ್ತದೆ, ಬಟನ್ ಮೇಲೆ ಬಂದು ಕ್ಲಿಕ್ ಮಾಡುವ ಮೊದಲು ಎಷ್ಟು ತಡೆಯುತ್ತದೆ ಎಂಬುದು.

ನಿಮ್ಮಲ್ಲಿ ಯಾರಾದರೂ ಇದನ್ನು ಪರೀಕ್ಷಿಸಲು ಪುಟ್ಟ ವೆಬ್ ಪುಟ ಬರೆಯುವವರಿದ್ದರೆ ಒಂದು ಮಾತು. ಕೀಡೌನ್, ಕೀಅಪ್ ಎರಡೂ ಘಟನೆಗಳ ಟೈಮ್‌ಸ್ಟ್ಯಾಂಪ್ ತೆಗೆದುಕೊಳ್ಳಿ. ಕೀ ಒತ್ತಿ ಹಿಡಿದರೆ ಕೀಡೌನ್ ಮತ್ತೆ ಮತ್ತೆ ಬರುತ್ತದೆ, ರಿಪೀಟ್ ಎಂದು ಗುರುತಿರುವುದನ್ನು ಬಿಡಿ. ಬ್ಯಾಕ್‌ಸ್ಪೇಸ್ ಬಂದ ಸಾಲನ್ನೇ ಕೈಬಿಡಿ. ಯಾವ ಅಕ್ಷರ ಎಂಬುದನ್ನು ಯಾವ ಕಾರಣಕ್ಕೂ ಉಳಿಸಬೇಡಿ, ಮೂರನೇ ಕೀ, ನಾಲ್ಕನೇ ಕೀ ಎಂಬ ಸ್ಥಾನ ಸಾಕು. ಅಕ್ಷರವೂ ಉಳಿಯಿತು ಅಂದರೆ ಅದು ಪಾಸ್‌ವರ್ಡ್ ಕದಿಯುವ ಕೀಲಾಗರ್ ಆಗುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಈ ಪ್ರಯೋಗ ಮಾಡಲು ಹೋದರೆ ಯಾವ ಕೀ ಎಂದು ತಿಳಿಸುವ ಸಂಖ್ಯೆಯ ಜಾಗದಲ್ಲಿ ಬಹುತೇಕ ಒತ್ತಿಗೂ 229 ಎಂಬ ಒಂದೇ ಸಂಖ್ಯೆ ಬರುತ್ತದೆ. ಅದು ಪುಟದ ದೋಷವಲ್ಲ, ತೆರೆಯ ಮೇಲಿನ ಕೀಬೋರ್ಡ್ ಪದವನ್ನು ತಾನೇ ಜೋಡಿಸಿಕೊಂಡು ಕೊಡುವುದರಿಂದ ಹೀಗಾಗುತ್ತದೆ.

ಫೋನಿನಲ್ಲಿ ಸುಳಿವು ಬೇರೆ ಕಡೆಯಿಂದ ಬರುತ್ತದೆ. ಹೆಬ್ಬೆರಳು ತೆರೆಯ ಮೇಲೆ ಎಲ್ಲಿ ಇಳಿಯಿತು, ಎಷ್ಟು ಅಗಲ ಊರಿತು, ಸರಿಸಿದ ಗೆರೆ ಎಷ್ಟು ಬಾಗಿತು, ಒತ್ತಿದಾಗ ಫೋನ್ ಅಂಗೈಯಲ್ಲಿ ಎಷ್ಟು ಅಲುಗಿತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 41 ಜನರ ಸರಿಸುವ ರೀತಿಯನ್ನು ಅಳೆದಾಗ ಅದೇ ಕೂರಿಕೆಯಲ್ಲಿ ತಪ್ಪು ಇಲ್ಲವೆನ್ನುವಷ್ಟು ಕಡಿಮೆ ಇತ್ತು, ವಾರ ಬಿಟ್ಟು ನೋಡಿದಾಗ ಶೇ 4ರ ಒಳಗೆ ನಿಂತಿತು. ಫೋನಿನ ಈ ಕಾವಲು ವಂಚಕರನ್ನು ಹಿಡಿಯುವಲ್ಲಿ ನಿಜಕ್ಕೂ ಬೆಲೆಬಾಳುತ್ತದೆ. ‘ಕೆವೈಸಿ ಸರಿ ಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ’ ಎಂದು ನಂಬಿಸಿ ದೂರದಿಂದ ಫೋನ್ ನಡೆಸುವವರ ಬೆರಳು ನಿಮ್ಮ ತೆರೆಯನ್ನು ಮುಟ್ಟಿರುವುದೇ ಇಲ್ಲ. ತೆರೆಯ ಮೇಲೆ ಬಟನ್ ಒತ್ತಿದ ದಾಖಲೆ ಇದೆ, ಫೋನ್ ಮಾತ್ರ ಮೇಜಿನ ಮೇಲಿಟ್ಟಂತೆ ಅಲುಗಾಡದೆ ಇದೆ. ಇದು ಬ್ಯಾಂಕಿಗೆ ದೊಡ್ಡ ಸುಳಿವು.

ನಿಮ್ಮ ಕಚೇರಿಗೆ ಬರೋಣ. ಆ ಹೆಚ್ಚುವರಿ ಒಟಿಪಿಗೆ ಬೆರಳಿನ ಲಯವೇ ಕಾರಣ ಇರಬೇಕೆಂದಿಲ್ಲ. ಬೇರೆ ಬ್ರೌಸರ್, ಅಳಿಸಿದ ಕುಕೀ, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಬಂದ ಬೇರೆ ಇಂಟರ್‌ನೆಟ್ ವಿಳಾಸ, ಎಂದೂ ಕಳಿಸದಷ್ಟು ದೊಡ್ಡ ಮೊತ್ತ, ಯಾವುದಾದರೂ ಆಗಬಹುದು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ಕ್ಕೆ ಜಾರಿಯ ಗಡುವು ಇಟ್ಟ ನಿರ್ದೇಶನ, ಡಿಜಿಟಲ್ ಪಾವತಿಗೆ ಕನಿಷ್ಠ ಎರಡು ಬಗೆಯ ದೃಢೀಕರಣ ಬೇಕು ಎನ್ನುತ್ತದೆ. ಅದರ ಮೇಲೆ ಸ್ಥಳ, ಸಾಧನ, ಬಳಕೆದಾರರ ನಡವಳಿಕೆ ನೋಡಿ ಹೆಚ್ಚುವರಿ ತಪಾಸಣೆ ಮಾಡಲು ಅವಕಾಶ ಕೊಡುತ್ತದೆ. ಒಟಿಪಿ ಕೇಳಿದಾಗ ಸಿಟ್ಟಿಗೆದ್ದು ಮತ್ತೆ ಮತ್ತೆ ಲಾಗಿನ್ ಯತ್ನಿಸಿದರೆ ಖಾತೆ ಲಾಕ್ ಆಗುತ್ತದೆ. ದೂರದಿಂದ ನಡೆಸುವ ಆ್ಯಪ್ ಯಾವುದಾದರೂ ತೆರೆದಿದೆಯೇ ನೋಡಿ, ಮುಚ್ಚಿ, ಆಮೇಲೆ ಒಂದೇ ಸಲ ಸಾವಕಾಶವಾಗಿ ಹಾಕಿ. ನೀವು ಲಾಗಿನ್ ಆಗದೇ ಇದ್ದಾಗ ಒಟಿಪಿ ಬಂತು ಅಂದರೆ ತಕ್ಷಣ ಬ್ಯಾಂಕಿಗೆ ತಿಳಿಸಿ ಪಾಸ್‌ವರ್ಡ್ ಬದಲಿಸಿ. ದುಡ್ಡೇ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಮೂವರು ಒಂದೇ ಲಾಗಿನ್ ಬಳಸುವುದನ್ನು ಇವತ್ತೇ ನಿಲ್ಲಿಸಿ. ಮೂರು ಕೈಗಳ ಲಯ ಒಂದೇ ಖಾತೆಯಲ್ಲಿ ಬೆರೆತರೆ ಬ್ಯಾಂಕಿನ ಮಾದರಿ ಅಗಲವಾಗುತ್ತದೆ, ಕಳ್ಳನ ಲಯವೂ ಅದರೊಳಗೆ ಸೇರಿಬಿಡುತ್ತದೆ. ವ್ಯವಹಾರದ ಖಾತೆಗಳಿಗೆ ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಮೇಕರ್-ಚೆಕರ್ ಪದ್ಧತಿ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ವಿಂಡೋಸ್‌ನಲ್ಲಿ ಮೂವರಿಗೂ ಬೇರೆ ಬೇರೆ ಬಳಕೆದಾರ ಖಾತೆ ಮಾಡಿ. ಚಹಾಕ್ಕೆ ಎದ್ದರೂ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಹೋಗಿ.

ನಮೂದನ್ನು ತಿದ್ದಿದ್ದು ಯಾರು ಎಂಬುದಕ್ಕೆ ಬೆರಳಿನ ಲಯ ಹುಡುಕುವ ಅಗತ್ಯವೇ ಇಲ್ಲ. ಲೆಕ್ಕದ ತಂತ್ರಾಂಶವಾದ ಟ್ಯಾಲಿಪ್ರೈಮ್‌ನಲ್ಲಿ ಎಡಿಟ್ ಲಾಗ್, ಅಂದರೆ ತಿದ್ದುಪಡಿಗಳ ದಾಖಲೆ, ಇದೆ. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟರೆ ಯಾವ ವೋಚರನ್ನು ಯಾರು, ಯಾವಾಗ ತಿದ್ದಿದರು ಎಂಬುದು ಅಲ್ಲೇ ಉಳಿಯುತ್ತದೆ. ಕಂಪನಿಯಾಗಿ ನೋಂದಾಯಿಸಿದವರಿಗೆ 2023ರ ಏಪ್ರಿಲ್ 1ರಿಂದ ಇಂಥ ದಾಖಲೆ ಇಡುವ ತಂತ್ರಾಂಶ ಕಡ್ಡಾಯ. ಪಾಲುದಾರಿಕೆ ಸಂಸ್ಥೆಗೆ ಆ ನಿಯಮ ಅನ್ವಯಿಸದಿದ್ದರೂ ಬಳಸಿದರೆ ನಿಮಗೇ ಒಳ್ಳೆಯದು. ಈಗಾಗಲೇ ತಿದ್ದಿರುವ ನಮೂದು ಒಂದೇ ಲಾಗಿನ್‌ನಿಂದ ಆಗಿದ್ದರೆ, ಲಾಗ್ ಆ ಒಂದೇ ಹೆಸರನ್ನು ತೋರಿಸುತ್ತದೆ. ಆಗ ವೋಚರಿನ ದಿನಾಂಕ, ಸಮಯ ಹಿಡಿದು ಕಾಗದದ ಚೀಟಿ, ತೂಕದ ರಸೀದಿಯ ಜೊತೆ ತಾಳೆ ನೋಡಿ, ಮೂವರನ್ನೂ ಕೂರಿಸಿ ಕೇಳುವುದೊಂದೇ ದಾರಿ.